ಪಾಸ್ಟರ ದ್ರಾಕ್ಷಾರಸಕ್ಕೆ ನನ್ನ ನಾಲಿಗೆ

ಮೇಲಿನ ಮನೆಯಲ್ಲಿ ಮದ್ಯದ ಹನಿಯೂ ಮುಟ್ಟದ ಪಾಸ್ಟರು, ಕೆಳಗಿನ ಮನೆಯಲ್ಲಿ ಸುಮ್ಮನಿರಲಾರದ ನಾನು. ಹೀಗಿರುವಾಗ ಚೆನ್ನೈ ಮಾಧವರಂನ ನಮ್ಮ ಕಟ್ಟಡದಲ್ಲಿ ಏನಾದರೊಂದು ನಡೆಯದೆ ಇರುತ್ತದೆಯೇ? ಪಾಸ್ಟರು ಧಾರವಾಡದ ಕಡೆಯವರು, ಓಣಿಯ ಕೊನೆಯ ಪುಟ್ಟ ಚರ್ಚಿನವರು. ನಾನು ಮೈಸೂರಿನ ಕಡೆಯವನು, ಗಿಂಡಿಯಲ್ಲಿ ಇನ್ಶೂರೆನ್ಸ್ ಕೆಲಸ. ನಾನು ಹೇಳುವುದರಲ್ಲಿ ಅರ್ಧ ನಂಬಿ. ಯಾವ ಅರ್ಧ ಎಂಬುದು ನಿಮಗೇ ಬಿಟ್ಟಿದ್ದು.

೧. ಕೊಡದ ನೀರು

ಒಂದು ಬೆಳಿಗ್ಗೆ ಟ್ಯಾಂಕರ್ ನೀರಿಗೆ ಸಾಲಿನಲ್ಲಿ ನಿಂತಿದ್ದೆವು. ನಾನು ಕೆಣಕಿದೆ. “ಬೈಬಲಿನಲ್ಲಿ ಆ ಕಾನಾ ಊರಿನ ಮದುವೆಯಲ್ಲಿ ನೀರನ್ನ ದ್ರಾಕ್ಷಾರಸ ಮಾಡಿದ್ದು ಯಾರು ಪಾಸ್ಟರೇ?”

“ನಮ್ಮ ಸ್ವಾಮಿನs ರೀ.”

“ಮತ್ತೆ ನೀವ್ಯಾಕೆ ಕುಡಿಯಲ್ಲ?”

“ಕುಡಿಯೂಣಂತ. ಆದ್ರ ಅದೂ ಹಂಗs ನೀರಿನಿಂದ ಆಗಿದ್ದಿರಬೇಕು. ಎರಡು ಕೊಡ ನೀರು ಮ್ಯಾಲ ತರ್ರಿ, ನೋಡೂಣು.”

ಮೂರನೇ ಮಹಡಿ, ಲಿಫ್ಟ್ ಇಲ್ಲ. ಏದುಸಿರು ಬಿಡುತ್ತ ಹೊತ್ತು ತಂದಿಟ್ಟೆ. ಪಾಸ್ಟರು ಬಗ್ಗಿ ನೋಡಿದರು, ಬೆರಳದ್ದಿ ನೆಕ್ಕಿದರು. “ಇನ್ನೂ ನೀರs ಅದ. ಇರ್ಲಿ ಬಿಡ್ರಿ, ಅಡಿಗಿಗೆ ಆಗ್ತದ” ಎಂದು ಡ್ರಮ್ಮಿಗೆ ಸುರಿದುಕೊಂಡರು.

೨. ಮಂದಿಯ ಪತ್ರ

ಸೋಲು ಒಪ್ಪುವ ಜಾಯಮಾನ ನನ್ನದಲ್ಲ. ಪಾಸ್ಟರಿಗೆ ಹೊಟ್ಟೆ ಕೆಟ್ಟಿದೆ ಎಂದು ತಿಳಿದದ್ದೇ ಓಡಿದೆ. “ಹೊಟ್ಟೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬೈಬಲಿನಲ್ಲಿ ಸಂತ ಪೌಲರೇ ಶಿಷ್ಯನಿಗೆ ಪತ್ರ ಬರೆದಿದ್ದಾರಲ್ಲ?”

“ಪತ್ರ ಯಾರಿಗೆ ಬಂದಿತ್ರಿ?”

“ಶಿಷ್ಯನಿಗೆ.”

“ಮಂದಿ ಪತ್ರ ಓದಬಾರದ್ರಿ.”

ಆಮೇಲೆ ನನ್ನನ್ನು ಕಿಟಕಿಗೆ ಕರೆದರು. ಕೆಳಗೆ ಒಬ್ಬ ಆಟೋ ಒರೆಸುತ್ತಿದ್ದ. “ಕುಡಿಯೂದs ಪಾಪ ಅಂತ ನಾ ಹೇಳಂಗಿಲ್ಲ. ಅಡ್ಯಾರಿನಾಗ ನನ್ನ ಗೆಳೆಯ ಫಾದರ್ ಅದಾರ, ಪೂಜೆದಾಗ ವೈನ್ ತಗೋತಾರ, ಬಂಗಾರದಂಥಾ ಮನಿಶ್ಯಾ. ಆದ್ರ ಈ ಆಟೋದಾಂವಗ ಒಂದು ಗುಟುಕು ಸಾಕು, ಮತ್ತ ಮನಿ ಮುಳಗ್ತದ. ಬಿಡಲಿಕ್ಕೆ ಭಾಳ ಒದ್ದಾಡ್ಯಾನ. ಅಂವ ಮುಂದಿನ ಬೆಂಚಿನ್ಯಾಗ ಕೂಡ್ತಾನ. ಅಂವಗಾಗಿ ನಾವೂ ಬಿಟ್ಟೇವಿ.”

ಅವತ್ತು ನಾನು ಬಾಯಿ ಮುಚ್ಚಿದೆ. ಈ ಭಾಗವನ್ನು ನನ್ನ ಹೆಂಡತಿ ಮಾತ್ರ ಇವತ್ತಿಗೂ ನಂಬುವುದಿಲ್ಲ.

೩. ತಜ್ಞರ ಅಭಿಪ್ರಾಯ

ಆ ಚರ್ಚಿನ ಆರಾಧನೆಯಲ್ಲಿ ಕರ್ತನ ಭೋಜನ ಎಂದು ರೊಟ್ಟಿಯ ಜೊತೆ ಎಲ್ಲರಿಗೂ ಕೊಡುವುದು ವೈನಲ್ಲ, ಬರೀ ದ್ರಾಕ್ಷಿಯ ರಸ. ಪಾಸ್ಟರ ಹೆಂಡತಿ ಮನೆಯಲ್ಲೇ ಕುದಿಸಿ ಫ್ರಿಜ್ಜಿನಲ್ಲಿಡುತ್ತಾರೆ. ಒಂದು ಸಲ ಟ್ರಾನ್ಸ್‌ಫಾರ್ಮರ್ ಸುಟ್ಟು ಇಡೀ ಓಣಿಗೆ ಮೂರು ದಿನ ಕರೆಂಟಿಲ್ಲ. ಚೆನ್ನೈನ ಸೆಕೆ ಬೇರೆ. ಭಾನುವಾರ ಬೆಳಿಗ್ಗೆ ಪಾಸ್ಟರು ಜಗ್ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದರು, ಮುಖ ಸಣ್ಣದಾಗಿತ್ತು.

“ರಸ ಕೆಟ್ಟು ವೈನ್ ಆಗ್ಯದೋ ಇಲ್ಲೋ ತಿಳೀವಲ್ದು. ಕೆಟ್ಟದ್ದರ ರುಚಿ ನನಗs ಗೊತ್ತಿಲ್ಲ, ನಮ್ಮಾಕಿಗೂ ಗೊತ್ತಿಲ್ಲ. ಸಭೆದಾಗ ಗೊತ್ತಿದ್ದಾಂವ ಅಂದ್ರ ಆ ಆಟೋದಾಂವ ಒಬ್ಬಾಂವ. ಅವಗ ಕುಡಿಸಿ ನೋಡಂಗಿಲ್ಲ. ನೀವು... ಅನುಭವಸ್ಥರು.”

ಇಷ್ಟು ಮರ್ಯಾದೆ ನನಗೆ ಆಫೀಸಿನಲ್ಲೂ ಸಿಕ್ಕಿಲ್ಲ. ಒಂದು ಗುಟುಕು ಕುಡಿದೆ. ನಾಲಿಗೆ ಜುಮ್ಮೆಂದಿತು. ‘ಚಿನ್ನದಂಥ ರಸ, ಕೊಡಿ’ ಎಂದು ತಮಾಷೆ ಮಾಡುವ ಚಪಲ ಗಂಟಲ ತನಕ ಬಂತು. ಮುಂದಿನ ಬೆಂಚು ನೆನಪಾಯಿತು. “ಕೊಡಬೇಡಿ, ಹುಳಿತು ಹೋಗಿದೆ” ಎಂದೆ.

“ಖಾತ್ರಿ ಏನ್ರಿ?”

“ಖಾತ್ರಿ ಬೇಕಂದ್ರೆ ಇನ್ನೊಂದು ಲೋಟ ನೋಡಬೇಕು.”

ಹೀಗೆ ಖಾತ್ರಿ ಮಾಡುತ್ತ ಮಾಡುತ್ತ ಜಗ್ ಖಾಲಿಯಾಯಿತು. ಪಾಸ್ಟರು ಅಷ್ಟರಲ್ಲಿ ಮಾರ್ಕೆಟ್ಟಿಗೆ ಓಡಿ, ತಾಜಾ ದ್ರಾಕ್ಷಿ ತಂದು, ಬಿಳೀ ಅಂಗಿಯ ತೋಳು ಮಡಚಿ ತಾವೇ ಹಿಂಡಿದರು. ಚರ್ಚಿಗೆ ಹೋದಾಗ ಅವರ ಎರಡೂ ಕೈ ನೇರಳೆ. ಆ ಕೈಯಿಂದಲೇ ಆಟೋದವನಿಗೆ ಪುಟ್ಟ ಲೋಟ ಕೊಟ್ಟದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಸುಳ್ಳಲ್ಲ, ಕಣ್ಣು ತೇವವಾಯಿತು.

ನನಗೆ ಮಧ್ಯಾಹ್ನ ಅಡ್ಯಾರಿನಲ್ಲಿ ಅತ್ತೆ ಮನೆ ಊಟ. ಪಾಸ್ಟರು ಅದೇ ಆಟೋ ಹತ್ತಿಸಿದರು. ಸ್ವಲ್ಪ ದೂರ ಹೋಗಿದ್ದೇವೆ, ಆಟೋದವನು ಮೂಗರಳಿಸಿದ. ಆಟೋ ಪಕ್ಕಕ್ಕೆ ನಿಲ್ಲಿಸಿ ಹಿಂದಕ್ಕೆ ತಿರುಗಿದ. ತಮಿಳಿನಲ್ಲಿ ಬಲು ಮೆತ್ತಗೆ ಶುರುಮಾಡಿದ. “ಸಾರ್, ತಪ್ಪು ತಿಳೀಬೇಡಿ. ಭಾನುವಾರ ಬೆಳಿಗ್ಗೇನೇ ಶುರುವಾದರೆ ಕಾಯಿಲೆ ಬಲಿತಿದೆ ಅಂತ ಅರ್ಥ. ನಾನೂ ಅಲ್ಲಿಂದಾನೇ ಬಂದವನು. ನಮ್ಮ ಪಾಸ್ಟರನ್ನ ಒಂದ್ಸಲ ನೋಡಿ, ಬಿಡಿಸ್ತಾರೆ.”

“ಅಯ್ಯೋ, ಕುಡಿಸಿದ್ದೇ ನಿಮ್ಮ ಪಾಸ್ಟರು ಕಣಪ್ಪಾ!”

ಅವನು ಕರುಣೆಯಿಂದ ನನ್ನ ಮಂಡಿ ತಟ್ಟಿದ. “ನಾನೂ ಕುಡೀತಿದ್ದಾಗ ಹೀಗೇ ಸಾರ್, ದೊಡ್ಡ ದೊಡ್ಡೋರ ಹೆಸರೇ ಹೇಳ್ತಿದ್ದೆ.”