ಅವರು ನರ್ಸ್, ಮೈಸೂರಿನಲ್ಲಿದ್ದಾರೆ

ಕೆಲವರ ಹಣೆಯಲ್ಲಿ ರಾಜಯೋಗ ಬರೆದಿರುತ್ತದಂತೆ. ನನ್ನ ಹಣೆಯಲ್ಲಿ ಬರೆದಿರುವುದು ಪೇಚಾಟ. ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. ಅದೇ ಮನೆ ವಿಚಾರಿಸಿಕೊಂಡು ಬಂದು ಬಾಗಿಲು ತಟ್ಟುತ್ತದೆ.

ನಾನು ಮೈಸೂರಿನವನು. ಕೆರೆ ಹಕ್ಕಿಗಳ ಮೇಲೆ ಪಿಎಚ್.ಡಿ. ಮಾಡಲು ಬಂದು ಶಿಕಾರಿಪುರದಲ್ಲಿ ಬಾಡಿಗೆ ಮನೆ ಹಿಡಿದೆ. ಅಲ್ಲಿಂದ ಸೊರಬದ ಗುಡವಿ ಪಕ್ಷಿಧಾಮಕ್ಕೆ, ಸುತ್ತಲಿನ ಹಳ್ಳಿಗಳ ಕೆರೆಗಳಿಗೆ ಬೈಕಿನಲ್ಲಿ ಓಡಾಟ. ಇದು ಎಲ್ಲರಿಗೂ ಹೇಳುತ್ತಿದ್ದ ಪರಿಚಯ. ಹೇಳದೆ ನುಂಗಿಕೊಳ್ಳುತ್ತಿದ್ದದ್ದು ಇನ್ನೊಂದಿತ್ತು. ನಾನು ಗೇ. ಕನ್ನಡದಲ್ಲಿ ಸಲಿಂಗಿ ಅನ್ನುತ್ತಾರೆ, ಆದರೆ ಆ ಪದವನ್ನು ಪೇಪರಿನಲ್ಲಿ ಓದಿದ್ದು ಬಿಟ್ಟರೆ ಯಾರ ಬಾಯಲ್ಲೂ ಕೇಳಿದ ನೆನಪಿಲ್ಲ. ಎಂ.ಎಸ್ಸಿ. ಓದುವಾಗಿನಿಂದ ಒಬ್ಬನೇ ಹುಡುಗನ ಜೊತೆ ಇದ್ದೇನೆ. ಅವನು ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್.

ಹೊರಡುವ ಮುಂಚೆ ಗೆಳೆಯರು ಹೆದರಿಸಿದ್ದರು. "ತಾಲ್ಲೂಕು ಊರು ಕಣೋ. ಬೆಳಗ್ಗೆ ನೀನು ಸೀನಿದರೆ ಸಂಜೆ ಊರೆಲ್ಲ ಜ್ವರ ಹೇಗಿದೆ ಅಂತ ಕೇಳುತ್ತೆ. ಹುಷಾರು." ನಾನು ಎಷ್ಟು ಹುಷಾರಾಗಿದ್ದೆನೆಂದರೆ, ಮುಂದಿನ ಎಲ್ಲ ಫಜೀತಿಯೂ ಆ ಹುಷಾರಿನಿಂದಲೇ ಆಯಿತು.

ಮನೆ ಸಿಕ್ಕಿದ್ದು

ಶಿಕಾರಿಪುರದಲ್ಲಿ ಒಂದು ಮಹಡಿ ಮನೆ ಖಾಲಿ ಇತ್ತು. ಕೆಳಗೆ ಮಾಲೀಕರು. ಯಜಮಾನರಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿ, ಮನೆಯಲ್ಲಿ ಮೌನವ್ರತ. ಮಾತೆಲ್ಲ ಅವರ ಹೆಂಡತಿಯದು. ನಾನು ಅವರನ್ನು ಮೊದಲ ದಿನದಿಂದಲೂ ಅಕ್ಕ ಅಂತಲೇ ಕರೆದೆ. ಜಗುಲಿಯ ಮೇಲೆ ಕೂರಿಸಿ ವಿಚಾರಣೆ ಶುರು ಮಾಡಿದರು.

"ಮದ್ವಿ ಆಗೇತೇನು?"

"ಇಲ್ಲ ಅಕ್ಕಾ."

"ಹಂಗಾರೆ ಕಷ್ಟ. ಹುಡುಗ್ಯಾರು ಗಿಡುಗ್ಯಾರು ಬರೋದು ಹೋಗೋದು ಮಾಡಿದ್ರೆ ನಮ್ಮನ್ಯಾಗೆ ನಡಿಯಂಗಿಲ್ಲ."

"ಒಬ್ಬಳೂ ಬರಲ್ಲ ಅಕ್ಕಾ. ಇದು ಮಾತ್ರ ನಾನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳ್ತೀನಿ."

ನನ್ನ ಜನ್ಮದಲ್ಲಿ ಅಷ್ಟು ಸತ್ಯವಾದ ಮಾತು ಆಡಿದ್ದು ಅದೇ ಮೊದಲು. ಅಕ್ಕ ಮಾತ್ರ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟರು.

"ಹಿಂದೆ ಇದ್ದ ಹುಡುಗನೂ ಹಿಂಗೇ ಆಣೆ ಮಾಡಿದ್ದ ತಮ್ಮಾ. ಈಗ ಎದುರುಮನಿ ಅಳಿಯ ಆಗ್ಯಾನೆ."

ದುರ್ಬೀನು

ಸೊರಬದ ಕಡೆಯ ಒಂದು ಹಳ್ಳಿಯ ಕೆರೆ. ಬೆಳಗಿನ ಹೊತ್ತು ಏರಿಯ ಮೇಲೆ ನಿಂತು, ದುರ್ಬೀನು ಕಣ್ಣಿಗೆ ಒತ್ತಿಕೊಂಡು, ಒಣಮರದ ಮೇಲಿನ ನೀರುಕಾಗೆಗಳನ್ನು ಎಣಿಸುತ್ತಿದ್ದೆ. ಹಿಂದೆ ಯಾರೋ ಕೆಮ್ಮಿದರು. ಊರಿನ ಇಬ್ಬರು ಹಿರಿಯರು.

"ಎಂತ ನೋಡ್ತಾ ಇದೀರಿ?"

"ಹಕ್ಕಿ ನೋಡ್ತಿದೀನಿ ಸರ್. ಅಗೋ ಅಲ್ಲಿ, ಗುಂಪಾಗಿ ಕೂತಿವೆಯಲ್ಲ."

ಇಬ್ಬರೂ ನನ್ನ ಬೆರಳು ತೋರಿಸಿದ ಕಡೆ ನೋಡಿದರು. ಆ ಮರದ ಬುಡದಲ್ಲೇ ಐದಾರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನಾನು ಅವರನ್ನು ಗಮನಿಸಿಯೇ ಇರಲಿಲ್ಲ.

ಒಬ್ಬರು ನಿಧಾನವಾಗಿ ಹೇಳಿದರು: "ಆ ಹಕ್ಕಿಗಳಲ್ಲಿ ಒಂದು ನನ್ನ ಸೊಸೆ, ಮಾರಾಯ್ರೆ."

ಜನ ಸೇರಿದರು. ಎರಡೂ ತಾಲ್ಲೂಕು ಜಾಲಾಡಿದರೂ ಆ ಹೆಂಗಸರಿಗೆ ನನ್ನಷ್ಟು ನಿರಪಾಯಕಾರಿ ಗಂಡಸು ಸಿಗುತ್ತಿರಲಿಲ್ಲ. ಅದಕ್ಕೆ ಪುರಾವೆಯೂ ನನ್ನ ಬಳಿ ಇತ್ತು. ಆದರೆ ಆ ಪುರಾವೆ ಹೇಳಿದರೆ ಈ ಏಟು ತಪ್ಪಿ ಬೇರೆ ಏಟು ಬೀಳುತ್ತದೆ ಅಂತ ಸುಮ್ಮನೆ ಬೆವರುತ್ತಾ ನಿಂತೆ.

ಅಷ್ಟರಲ್ಲಿ ಗಲಾಟೆ ಕೇಳಿ ಹೆಂಗಸರೇ ಏರಿ ಹತ್ತಿ ಬಂದರು. ಅವರಲ್ಲಿ ಒಬ್ಬಾಕೆ ಗಟ್ಟಿಗಿತ್ತಿ. "ಎಂತ ಕಾಣ್ತದೆ ಇದರಾಗೆ, ಕೊಡಿ ನೋಡ್ವ" ಅಂತ ನನ್ನ ಕೈಯಿಂದ ದುರ್ಬೀನು ಕಿತ್ತುಕೊಂಡು ಕೆರೆಯ ಆಚೆ ದಡಕ್ಕೆ ಹಿಡಿದರು. ಮೆಲ್ಲಗೆ ಈ ತುದಿಯಿಂದ ಆ ತುದಿಗೆ ತಿರುಗಿಸಿದರು. ಆಮೇಲೆ ಕೂಗಿದರು: "ಅಯ್ಯೋ! ಗದ್ದೆಗೆ ನೀರು ಕಟ್ಟಕ್ಕೆ ಹೋಗ್ತೆ ಅಂದ ನಮ್ಮನೆಯವ್ರು ಅಲ್ಲಿ ಮಾವಿನ ಮರದಡಿ ಇಸ್ಪೀಟು ಆಡ್ತಾ ಕೂತಿದಾರೆ!"

"ಎಲ್ಲಿ, ನಂಗೆ ಕೊಡೆ!" ಇನ್ನೊಬ್ಬರು ಕಿತ್ತುಕೊಂಡರು. "ಹೌದು! ಪಕ್ಕದಲ್ಲಿ ನಮ್ಮವರೂ ಇದಾರೆ!"

ದುರ್ಬೀನು ಕೈಯಿಂದ ಕೈಗೆ ಹೋಯಿತು. ಪ್ರತಿಯೊಬ್ಬರಿಗೂ ಅವರವರ ಮನೆಯ ಹಕ್ಕಿ ಸಿಕ್ಕಿತು. ಹೆಂಗಸರು ಒದ್ದೆ ಸೀರೆ ಎತ್ತಿಕಟ್ಟಿ ಆಚೆ ದಡಕ್ಕೆ ಹೊರಟರು, ಹಿರಿಯರು ಅವರನ್ನು ತಡೆಯಲು ಓಡಿದರು. ನನ್ನ ನೆನಪು ಯಾರಿಗೂ ಉಳಿಯಲಿಲ್ಲ. ಬದುಕಿದೆಯಾ ಬಡಜೀವವೇ ಅಂತ ದುರ್ಬೀನು ಎತ್ತಿಕೊಂಡು ಬೈಕ್ ಹತ್ತಿದೆ.

ಅದು ಹೇಗೋ ನನ್ನ ನಂಬರು ಆ ಗಂಡಸರಿಗೆ ಸಿಕ್ಕಿಬಿಟ್ಟಿದೆ. ಈಗಲೂ ಆಗಾಗ ಫೋನ್ ಬರುತ್ತದೆ: "ನಾಳೆ ನಮ್ಮ ಕೆರೆಗೆ ಬರ್ತೀರಾ ಎಂತ ಸರ್? ಏನಿಲ್ಲ, ಸುಮ್ನೆ ಕೇಳಿದೆ."

ಅವರು

ಈ ಪ್ರಸಂಗದ ಫಲವಾಗಿ ನನಗೆ ಒಳ್ಳೆಯ ಹೆಸರು ಬಂತು. ಗಂಡಂದಿರನ್ನು ಹಿಡಿದುಕೊಟ್ಟ ದುರ್ಬೀನಿನವನ ಪರ ಆ ಹೆಂಗಸರೇ ಸಾಕ್ಷಿ ನುಡಿದರಂತೆ. 'ಆ ಹುಡುಗ ಹೆಣ್ಣುಮಕ್ಕಳ ಕಡೆ ಕಣ್ಣೆತ್ತಿ ನೋಡೋನಲ್ಲ' ಅನ್ನುವ ಸುದ್ದಿ ಸೊರಬದಿಂದ ಶಿಕಾರಿಪುರಕ್ಕೆ ನನ್ನ ಬೈಕಿಗಿಂತ ಮುಂಚೆ ಮುಟ್ಟಿತು. ಒಳ್ಳೆಯ ಹೆಸರು ಎಷ್ಟು ಅಪಾಯಕಾರಿ ಅಂತ ಗೊತ್ತಾದದ್ದು ಆಗಲೇ. ಸಂಬಂಧಗಳು ಬರತೊಡಗಿದವು. ಟೀ ಅಂಗಡಿಯವರ ತಂಗಿಯ ಮಗಳು, ಕಟಿಂಗ್ ಶಾಪಿನವರ ಪರಿಚಯದವರ ಮೊಮ್ಮಗಳು. ಒಬ್ಬರಂತೂ ಈಸೂರಿನಿಂದ ಹುಡುಗಿಯ ಫೋಟೋ ಹಿಡಿದುಕೊಂಡು ಬಸ್ಸಿನಲ್ಲೇ ಬಂದಿದ್ದರು.

ಕೊನೆಗೆ ಅಕ್ಕನೇ ಒಂದು ದಿನ ಹಿಡಿದು ಕೂರಿಸಿದರು. "ಯಾಕಪ್ಪಾ, ಬಂದೋರನ್ನೆಲ್ಲ ವಾಪಸ್ ಕಳಸ್ತೀಯಲ್ಲ. ಯಾರನ್ನಾದ್ರೂ ನೋಡ್ಕಂಡೀಯೇನು?"

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. "ಹೌದು ಅಕ್ಕಾ" ಅಂದುಬಿಟ್ಟೆ.

"ಎಲ್ಲಿಯವರು?"

"ಅವರು ಮೈಸೂರಿನಲ್ಲಿದ್ದಾರೆ."

"ಏನ್ ಕೆಲಸ?"

"ಅವರು ನರ್ಸ್."

"ಅಡಿಗಿ ಬರ್ತೈತೋ?"

"ಅವರು ನನಗಿಂತ ಚೆನ್ನಾಗಿ ಮಾಡ್ತಾರೆ."

ಕನ್ನಡದಲ್ಲಿ 'ಅವರು' ಅನ್ನುವ ಪದ ಕಂಡುಹಿಡಿದ ಪುಣ್ಯಾತ್ಮರ ಪಾದ ಎಲ್ಲಿದ್ದರೂ ಅದಕ್ಕೆ ನನ್ನ ನಮಸ್ಕಾರ. ಒಂದೇ ಒಂದು ಸುಳ್ಳು ಹೇಳದೆ ದಡ ಸೇರಿದೆ. ಆದರೆ ಅಕ್ಕನ ಕಣ್ಣಲ್ಲಿ ನೀರು.

"ಮದ್ವಿಗೆ ಮುಂಚೇನೇ ಹುಡುಗಿಗೆ ಎಷ್ಟು ಮರ್ಯಾದಿ ಕೊಟ್ಟು ಮಾತಾಡ್ತೀಯಪ್ಪಾ!" ಅಂದವರೇ ಒಳಗೆ ತಿರುಗಿ, ಟಿವಿ ನೋಡುತ್ತಿದ್ದ ಯಜಮಾನರಿಗೆ ಕೇಳುವಂತೆ ಕೂಗಿದರು: "ಕೇಳಿದ್ರೇನ್ರೀ? ಅವರು ಅಂತೆ, ಅವರು! ನೀವು ನಂಗೆ ಇಷ್ಟು ವರ್ಷದಾಗೆ 'ಏಯ್' ಬಿಟ್ಟು ಬೇರೆ ಏನಂದೀರಿ?"

ಅದಾದ ಮೇಲೆ ಬಹಳ ದಿನ ಯಜಮಾನರು ನನ್ನ ನಮಸ್ಕಾರಕ್ಕೆ ಪ್ರತಿ ನಮಸ್ಕಾರ ಮಾಡಲಿಲ್ಲ.

ಮಂಚ

ನೆಲದ ಮೇಲೆ ಮಲಗಿ ಬೆನ್ನು ಹಿಡಿದಿತ್ತು. ಬೀದಿಯ ತುದಿಯಲ್ಲಿ ಮರಗೆಲಸದ ಭಾಯಿ ಒಬ್ಬರಿದ್ದರು. ಅವರಪ್ಪನ ಕಾಲದಿಂದ ಅದೇ ಅಂಗಡಿ. ಮಂಚ ಬೇಕು ಅಂದೆ.

"ಸಿಂಗಲ್ಲಾ, ಡಬಲ್ಲಾ?"

ಸುಲಭದ ಪ್ರಶ್ನೆ. ಆದರೆ ಉತ್ತರ ಹೇಳಲು ನನಗೆ ಎಷ್ಟು ಹೊತ್ತು ಬೇಕಾಯಿತೆಂದರೆ ಭಾಯಿ ಒಂದು ಹಲಗೆಗೆ ಪೂರ್ತಿ ಉಜ್ಜುಗೊರಡು ಹಾಕಿ ಮುಗಿಸಿದರು. ಆಮೇಲೆ ತಾವೇ ಹೇಳಿದರು: "ಡಬಲ್ಲೇ ಮಾಡಿಸಿ ಸರ್. ಮಂಚ ಸಣ್ಣದಾಯ್ತು ಅಂತ ವಾಪಸ್ ತಂದೋರನ್ನ ನಾನು ನೋಡಿದೀನಿ. ದೊಡ್ಡದಾಯ್ತು ಅಂತ ಇವತ್ತಿನವರೆಗೂ ಒಬ್ಬರೂ ತಂದಿಲ್ಲ."

ಫ್ರೆಂಡ್ ಬಂದ

ನನ್ನ ಹುಡುಗ ಮೊದಲ ಸಲ ಶಿಕಾರಿಪುರಕ್ಕೆ ಬರುವ ದಿನ ನನಗೆ ಊಟ ಸೇರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಪಾಠ ಮಾಡಿಕೊಂಡೇ ಕರೆತಂದೆ. ಬೀದಿಯಲ್ಲಿ ದೂರ ನಡಿ. ಚಿನ್ನ ಅಂತ ಕರೆಯಬೇಡ. ಕೇಳಿದರೆ ಕಾಲೇಜಿನ ಫ್ರೆಂಡ್ ಅನ್ನು, ಮುಂದೆ ಮಾತು ಬೆಳೆಸಬೇಡ.

ಮಾತು ಬೆಳೆಸುವ ಅಗತ್ಯವೇ ಬೀಳಲಿಲ್ಲ. ಅವನು ಬಂದ ಸಂಜೆ ಅಕ್ಕನಿಗೆ ತಲೆಸುತ್ತು ಬಂದು ಮೆಟ್ಟಿಲ ಮೇಲೆ ಕುಸಿದು ಕೂತರು. ಇವನು ಓಡಿ ಹೋಗಿ ಬ್ಯಾಗಿನಿಂದ ಬಿಪಿ ನೋಡುವ ಮಷೀನು ತಂದ. ಬಿಪಿ ಜಾಸ್ತಿ ಇತ್ತು. ಮಲಗಿಸಿ, ಉಪ್ಪಿನಕಾಯಿ ಭರಣಿ ಅಟ್ಟಕ್ಕೆ ಹಾಕಿಸಿ, ಡಾಕ್ಟರ ಹತ್ತಿರ ಕಳಿಸಿದ. ಮರುದಿನ ಬೆಳಗ್ಗೆ ನಾನು ಬಾಗಿಲು ತೆಗೆದರೆ ಮೆಟ್ಟಿಲ ತುಂಬ ಜನ, ಎಲ್ಲರೂ ಬಿಪಿ ನೋಡಿಸಲು ಅಂಗಿ ತೋಳು ಮಡಚಿಕೊಂಡು ಕೂತಿದ್ದಾರೆ. ಮಂಚದ ಭಾಯಿ ಎಲ್ಲರಿಗಿಂತ ಮುಂದೆ.

ಅಕ್ಕ ಸುಧಾರಿಸಿಕೊಂಡು ಬಂದು ಕೂತಿದ್ದರು. ಇದ್ದಕ್ಕಿದ್ದಂತೆ ಅವರಿಗೆ ಹೊಳೆಯಿತು. "ನೀವೂ ಮೈಸೂರಾಗೆ ನರ್ಸು ಅಂತೀರಿ. ಹಂಗಾರೆ ನಮ್ಮ ತಮ್ಮನ ಹುಡುಗಿ ನಿಮಗೆ ಗೊತ್ತಿರಬೇಕಲ್ಲ!"

ನಾನು ಕುಡಿಯುತ್ತಿದ್ದ ಕಾಫಿ ಮೂಗಿಗೆ ಹತ್ತಿತು. ಅವನು ಭಾಯಿಯ ತೋಳಿಗೆ ಪಟ್ಟಿ ಸುತ್ತುತ್ತಾ, ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದ: "ಚೆನ್ನಾಗಿ ಗೊತ್ತು ಅಕ್ಕಾ. ಒಂದೇ ಆಸ್ಪತ್ರೆ."

"ಹೆಂಗೈತಿ ಹುಡುಗಿ?"

"ನೋಡೋಕೆ ಲಕ್ಷಣ. ಗುಣ ಬಂಗಾರ. ಇವನಿಗೆ ಅಂಥವರು ಸಿಕ್ಕಿದ್ದು ಇವನ ಅಪ್ಪ ಅಮ್ಮ ಮಾಡಿದ ಪುಣ್ಯ."

"ಸಿಟ್ಟು ಗಿಟ್ಟು?"

"ಇವನು ಒದ್ದೆ ಟವೆಲ್ಲು ಮಂಚದ ಮೇಲೆ ಬಿಸಾಕಿದಾಗ ಸ್ವಲ್ಪ ಬರುತ್ತೆ. ಪಾಪ, ಅವರದೇನೂ ತಪ್ಪಿಲ್ಲ."

ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಅವನು ಮೈಸೂರಿಗೆ ವಾಪಸಾದ ಮೇಲೆ ಬೀದಿಯಲ್ಲಿ ನನಗೆ ಒಂದೇ ಪ್ರಶ್ನೆ: "ನಿಮ್ಮ ಫ್ರೆಂಡ್ ಮತ್ತೆ ಯಾವಾಗ ಬರ್ತಾರ್ರೀ?" ಮುಂದಿನ ತಿಂಗಳು ಅಂದರೆ ಟೀ ಅಂಗಡಿಯವರಿಗೆ ಸಮಾಧಾನವಿಲ್ಲ. "ಅಷ್ಟು ದಿನ ಯಾಕ್ರೀ? ಬೇಕಾದ್ರೆ ನೀವು ಅಲ್ಲಿಗೆ ಹೋಗಿ, ಅವರನ್ನ ಇಲ್ಲಿಗೆ ಕಳಿಸ್ರಿ."

ಗೊತ್ತಾತು

ಅವನು ಮೂರನೆಯ ಸಲ ಬಂದು ಹೋದ ಮಾರನೆಯ ದಿನ ಅಕ್ಕ ಕೆಳಗಿನಿಂದ ಕರೆದರು. ಧ್ವನಿ ಎಂದಿನಂತಿರಲಿಲ್ಲ. ಒಳಗೆ ಹೋದೆ. "ಕುಂದ್ರು" ಅಂದರು. ಯಜಮಾನರು ತಾವಾಗಿಯೇ ಟಿವಿ ಆರಿಸಿದರು. ಅವರು ಟಿವಿ ಆರಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ತಮ್ಮಾ, ನಂಗೆ ಎಲ್ಲಾ ಗೊತ್ತಾತು."

ನಾನು ಕುರ್ಚಿಯ ತುದಿಗೆ ಸರಿದೆ.

"ನಾವು ಮದ್ವಿಗೆ ಅಂತ ಊರಿಗೆ ಹೋದಾಗ, ಆ ಹುಡುಗನೂ ನೀನೂ ಬಾಗಿಲಾ ಕಿಟಕಿ ಎಲ್ಲಾ ಹಾಕ್ಕಂಡು ಏನ್ ಮಾಡಿದ್ರಿ ಅಂತ ಗೊತ್ತಾತು. ನಮ್ಮನ್ಯಾಗೆ ಇಂಥದ್ದು ತಲೆತಲಾಂತರದಿಂದ ನಡೆದಿಲ್ಲ. ನಿನ್ನ ಬಾಯಿಂದಾನೇ ಕೇಳಾಣ ಅಂತ ಕರೆದೆ."

ಇಷ್ಟು ದಿನ ಬಚ್ಚಿಟ್ಟದ್ದು ಬಯಲಾಯಿತು ಅಂದುಕೊಂಡೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಈ ಮನೆಯ ರೊಟ್ಟಿ ಎಷ್ಟು ಸಲ ತಿಂದಿದ್ದೆ.

"ನಿಜ ಅಕ್ಕಾ. ಅವನು ಬರೀ ಫ್ರೆಂಡ್ ಅಲ್ಲ. ನಾನು ಹೇಳ್ತಿದ್ದ ನರ್ಸ್ ಅವನೇ. ಬೇರೆ ಹುಡುಗಿ ಯಾರೂ ಇಲ್ಲ, ಯಾವತ್ತೂ ಇರಲ್ಲ. ನಾವಿಬ್ಬರೂ ಗಂಡ ಹೆಂಡತಿ ಹೇಗೋ ಹಾಗೆ. ನಿಮಗೆ ಬೇಜಾರಾದರೆ ಈ ತಿಂಗಳೇ ಮನೆ ಖಾಲಿ ಮಾಡ್ತೀನಿ."

ಅಕ್ಕ ಯಜಮಾನರ ಮುಖ ನೋಡಿದರು. ಯಜಮಾನರು ಫ್ಯಾನು ನೋಡಿದರು. ಆಮೇಲೆ ಅಕ್ಕ ಬಾಯಿ ಬಿಟ್ಟರು.

"ನಾನು ಕೇಳಿದ್ದು ಮೊಟ್ಟಿ ವಿಷ್ಯ."

ಮೊಟ್ಟೆ! ಅವರದು ಮೊಟ್ಟೆಯ ಹೆಸರೂ ಎತ್ತದ ಮನೆ. ಅವರು ಊರಲ್ಲಿಲ್ಲದ ದಿನ ನನ್ನ ಹುಡುಗ ಕಿಟಕಿ ಮುಚ್ಚಿ ಆಮ್ಲೆಟ್ ಮಾಡಿದ್ದ. ಸಾಕ್ಷಿ ಉಳಿಯಬಾರದು ಅಂತ ಸಿಪ್ಪೆಯನ್ನು ಅಕ್ಕನ ಗುಲಾಬಿ ಕುಂಡದಲ್ಲೇ ಹೂತಿದ್ದ. ಬೆಕ್ಕು ಕೆದರಿ ಹೊರಗೆ ಹಾಕಿತ್ತು.

"ಗುಲಾಬಿಗೆ ಒಳ್ಳೆ ಗೊಬ್ಬರ ಅದು" ಅಂದರು ಯಜಮಾನರು. ನಾನು ಅವರ ದನಿ ಸರಿಯಾಗಿ ಕೇಳಿದ್ದೇ ಆವತ್ತು. ಅಕ್ಕ ಒಂದು ನೋಟ ಬೀರಿದರು, ಅವರ ಕಣ್ಣು ಮತ್ತೆ ಫ್ಯಾನಿಗೆ ಹೋಯಿತು.

"ನಿಮ್ಮವ್ವಗೆ ಗೊತ್ತೈತೇನು?" ಅಕ್ಕ ಕೇಳಿದರು.

"ಗೊತ್ತು ಅಕ್ಕಾ. ಮೊದಲು ಅತ್ತಳು. ಈಗ ಹಬ್ಬಕ್ಕೆ ಇಬ್ಬರನ್ನೂ ಕರೀತಾಳೆ."

ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತರು. ಥಟ್ಟನೆ ಏನೋ ನೆನಪಾದಂತೆ ತಲೆ ಎತ್ತಿದರು. "ಹಂಗಾರೆ ಅವತ್ತು 'ನೋಡಾಕೆ ಲಕ್ಷಣ, ಗುಣ ಬಂಗಾರ' ಅಂತ ಆ ಹುಡುಗ ತನ್ನನ್ನ ತಾನೇ ಹೊಗಳ್ಕಂಡನಾ?"

"ಹೌದು ಅಕ್ಕಾ."

ಅಕ್ಕನ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ನನಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು, ಯಾವುದು ಯಾವುದೆಂದು ಗೊತ್ತಾಗದ ಹಾಗೆ. ಎದೆಯ ಮೇಲಿಂದ ಯಾರೋ ಗೊಬ್ಬರದ ಮೂಟೆ ಇಳಿಸಿದಂತಾಯಿತು.

ನಗು ನಿಂತ ಮೇಲೆ ಅಕ್ಕ ಕಣ್ಣೊರೆಸಿಕೊಂಡು ಮುಖ ಗಂಭೀರ ಮಾಡಿದರು. "ನೋಡು ತಮ್ಮಾ. ನೀವಿಬ್ರೂ ಹೆಂಗಿರ್ತೀರಿ ಅನ್ನೋದು ನಿಮ್ಮ ಸಂಗ್ತಿ. ನಂಗೆ ಪೂರ್ತಿ ತಿಳಿದಿಲ್ಲ, ತಿಳಕಳ್ಳಾಕೆ ಟೈಮು ಬೇಕು. ಮನಿ ಖಾಲಿ ಗೀಲಿ ಅಂತ ಮಾತಾಡಬ್ಯಾಡ."

ನಾನು ಕೈ ಮುಗಿದು ಎದ್ದೆ. ಬಾಗಿಲ ತನಕ ಹೋಗಿದ್ದೆ.

"ಆದ್ರೆ ಮೊಟ್ಟಿ ಮಾತ್ರ" ಅಂತ ಹಿಂದಿನಿಂದ ಅಕ್ಕನ ದನಿ ಏರಿತು, "ಇಂಥ ಕೆಟ್ಟ ಚಾಳಿ ನಮ್ಮನ್ಯಾಗೆ ನಡಿಯಂಗಿಲ್ಲ! ಬಸ್ ಸ್ಟ್ಯಾಂಡಿನ ಹತ್ರ ಹೋಗಿ ತಿಂದು, ಚೆಂದಾಗಿ ಬಾಯಿ ತೊಳ್ಕಂಡು, ಇಬ್ರೂ ಜೋಡಿ ಮನಿಗೆ ಬರ್ರಿ."