ಇಬ್ಬರು ಅಳಿಯಂದಿರ ಬ್ಯಾಟರಿಗಳು

ಹೆಂಡತಿಯ ತವರಿನಲ್ಲಿ ಅಳಿಯನ ಮಾತಿಗೆ ಬಹಳ ಬೆಲೆ ಎಂದು ನಂಬಿದವರು ಆ ಮನೆಗೆ ಒಬ್ಬನೇ ಅಳಿಯನಾಗಿರಬೇಕು. ನಾನು ಎರಡನೆಯವನು, ಬೆಳಗಾವಿಯ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕ, ಅಂದರೆ ಸಂಬಳ ಪಡೆದು ಇನ್ನೊಬ್ಬರ ತಪ್ಪು ತಿದ್ದುವವನು. ಮೊದಲನೆಯವರು ನನ್ನ ಹೆಂಡತಿಯ ಅಕ್ಕನ ಗಂಡ, ಬೀಡಿ ಎಂಬ ಊರಿನ ಚನ್ನಬಸಪ್ಪನವರು. ಅವರಿಗೆ ಟ್ರ್ಯಾಕ್ಟರ್ ಇತ್ತು, ನನಗೆ ಸೈಕಲ್. ನಾವಿಬ್ಬರೂ ಬೇರೆ ಬೇರೆ ಮಾತಾಡಿದಾಗ ಖಾನಾಪುರದ ನಮ್ಮ ಮಾವ ಯಾರ ಮನಸ್ಸೂ ನೋಯದಂತೆ ಎರಡನ್ನೂ ಕೂಡಿಸಿ ತೀರ್ಪು ಕೊಡುತ್ತಿದ್ದರು. ಊಟದಲ್ಲಿ ಇದರಿಂದ ಹಾನಿಯಿಲ್ಲ. ಹೋಳಿಗೆಗೆ ತುಪ್ಪವನ್ನೂ ಹಾಲನ್ನೂ ಹಾಕಿಸಿಕೊಂಡು ತಿಂದಿದ್ದೇನೆ. ಬ್ಯಾಟರಿಯ ವಿಷಯ ಬೇರೆ.

ಎಂಬತ್ತರ ದಶಕದ ಮಾತು. ಸಂಜೆಯಾದರೆ ಕರೆಂಟು ಹೋಗುತ್ತಿತ್ತು. ಹೆಂಡತಿಯ ತಂಗಿ ಮಂಗಲಾಳನ್ನು ನೋಡಲು ವಡಗಾವಿಯಿಂದ ಗಂಡಿನವರು ಬರುವುದೂ ಸಂಜೆಗೇ. ಹಿಂದಿನ ಸಂಬಂಧದವರು ಕಂದೀಲಿನ ಬೆಳಕಿನಲ್ಲಿ ಅವಳನ್ನು ನೋಡಿ, ಹುಡುಗಿ ಕಪ್ಪು ಎಂದು ಹೇಳಿಹೋಗಿದ್ದರು. ಈ ಸಲ ಬೆಳಕಿನಿಂದಾಗಿ ಸಂಬಂಧ ತಪ್ಪಬಾರದೆಂದು ಅತ್ತೆ ಹಟ ಹಿಡಿದರು. ಬ್ಯಾಟರಿಯಿಂದ ಉರಿಯುವ ಟ್ಯೂಬ್‌ಲೈಟ್ ಬಂತು. ನಾನು ಬೆಳಗಾವಿಯಿಂದ ಹೊಸ ಬ್ಯಾಟರಿ ಹೊತ್ತು ತಂದೆ. ಅದೇ ಹೊತ್ತಿಗೆ ಚನ್ನಬಸಪ್ಪನವರು ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ಇಳಿಸಿದರು. ಒಂದನ್ನು ಹಚ್ಚಿದರೆ ಇನ್ನೊಬ್ಬ ಅಳಿಯನಿಗೆ ಅವಮಾನ.

"ಎರಡೂ ಕೂಡಿಸೇ ಹಚ್ಚರಿ," ಎಂದರು ಮಾವ. "ಬೆಳಕೂ ಡಬಲ್ ಆಕ್ಕೈತಿ."

ಇಂಥದರ ಬಗ್ಗೆ ನಾನೊಂದು ಲೇಖನ ತಿದ್ದಿದ್ದೆ. ಒಂದೇ ವೋಲ್ಟಿನ, ಒಂದೇ ಅಳತೆಯ, ಒಂದೇ ವಯಸ್ಸಿನ ಬ್ಯಾಟರಿಗಳನ್ನಷ್ಟೇ ಕೂಡಿಸಬೇಕು. ಹಳೆಯದರಲ್ಲಿ ಒಂದು ಸೆಲ್ ಕೆಟ್ಟಿದ್ದರೂ ಹೊಸದು ತನ್ನದನ್ನೆಲ್ಲ ಅದಕ್ಕೆ ಸುರಿಯುತ್ತದೆ, ಎರಡೂ ಬಿಸಿಯೇರುತ್ತವೆ. ಆಗ ಏಳುವ ಅನಿಲಕ್ಕೆ ಕಿಡಿ ತಾಗಿದರೆ ಬ್ಯಾಟರಿ ಸಿಡಿಯುತ್ತದೆ. ಇದನ್ನು ಹೇಳಿದೆ.

"ಅಂದ್ರ, ನಂದು ಕೆಟ್ಟೈತಿ ಅಂತೀರೇನ್ರಿ?" ಎಂದರು ಚನ್ನಬಸಪ್ಪನವರು.

ಈ ಪ್ರಶ್ನೆಗೆ ಹೌದೆನ್ನುವ ಎರಡನೇ ಅಳಿಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಎರಡನ್ನೂ ದಿವಾನದ ಕೆಳಗಿಟ್ಟು, ಮೇಲಿಂದ ಚಾದರ ಇಳಿಬಿಟ್ಟರು. ಎರಡರ ತಂತಿಗಳೂ ದೂರದ ಕಿಟಕಿಯ ಬಳಿ ಕೂಡಿ ಟ್ಯೂಬಿಗೆ ಹೋದವು.

ಗಂಡಿನವರು ಬಂದರು, ಕರೆಂಟು ಹೋಯಿತು, ಟ್ಯೂಬು ಝಗ್ಗನೆ ಹತ್ತಿತು. ಮಾವ ಇಬ್ಬರೂ ಅಳಿಯಂದಿರನ್ನು ಸಮಾನವಾಗಿ ನೋಡಿದರು. ಗಂಡಿನ ತಾಯಿ ದಿವಾನದ ಮೇಲೆ, ಬ್ಯಾಟರಿಗಳಿಗೆ ಸರಿಯಾಗಿ ಮೇಲೆಯೇ ಕುಳಿತರು. ಮಾತು ಮಳೆ-ಬೆಳೆ ದಾಟಿ ಗಂಡಿನವರ ಮಗ್ಗಗಳಿಗೆ ಬಂದಾಗ ವಾಸನೆ ಬಂತು. ಕೊಳೆತ ತತ್ತಿಯ ವಾಸನೆ. ತತ್ತಿ ಎಂದೂ ಹೊಸ್ತಿಲು ದಾಟದ ಮನೆ ಅದು. ಮಾವ ನನ್ನನ್ನು ನೋಡಿದರು, ನಾನು ಚನ್ನಬಸಪ್ಪನವರನ್ನು ನೋಡಿದೆ, ಅವರು ಗಂಡಿನ ಸೋದರಮಾವನನ್ನು ನೋಡಿದರು. ಆ ಮನುಷ್ಯ ನಿರಪರಾಧಿ.

"ಹಾಸಿಗಿ ಬೆಚ್ಚಗೈತಲ್ರಿ," ಎಂದರು ಗಂಡಿನ ತಾಯಿ.

"ಬಿಸಲಿಗೆ ಹಾಕಿದ್ವಿರಿ," ಎಂದರು ಅತ್ತೆ.

ಚಾದರದ ಅಂಚಿನಿಂದ ಗುಳುಗುಳು ಸದ್ದು ಕೇಳುತ್ತಿತ್ತು. ಈಗ ಬಾಯಿ ಬಿಟ್ಟರೆ ಗಂಡಿನವರು ಎದ್ದು ಹೋಗುತ್ತಾರೆ, ಸಂಬಂಧ ಹೋಗುತ್ತದೆ, ಷಡ್ಡಕರ ಮಾನವೂ ಹೋಗುತ್ತದೆ. ಬಾಯಿ ಬಿಡದಿದ್ದರೆ ಏನು ಹೋಗುತ್ತದೆಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಅತ್ತೆ, ವಾಸನೆ ಮುಚ್ಚಲೆಂದು, ಉರಿಯುವ ಊದಿನಕಡ್ಡಿಗಳ ಕಟ್ಟನ್ನೇ ಹಿಡಿದು ದಿವಾನದತ್ತ ಬಂದರು. ನಾನು ಅರ್ಧ ಎದ್ದೆ. ಪೂರ್ತಿ ಏಳಲಿಲ್ಲ.

ಒಳಗಿನಿಂದ ಅವಲಕ್ಕಿಯ ತಾಟು ಹಿಡಿದು ತಲೆ ತಗ್ಗಿಸಿ ಬಂದ ಮಂಗಲಾ ಎರಡು ಹೆಜ್ಜೆಗೆ ನಿಂತಳು. ತಲೆ ಎತ್ತಿದಳು. ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿ.

"ಅವ್ವಾ, ಅಲ್ಲೇ ನಿಂದರು. ಕಡ್ಡಿ ಹಿತ್ತಲಿಗೆ ಒಯ್ದು ನೀರಾಗ ಅದ್ದು." ತಾಟನ್ನು ಚನ್ನಬಸಪ್ಪನವರ ಕೈಗೆ ಕೊಟ್ಟಳು. "ಅಮ್ಮಾರ, ನೀವು ಏಳ್ರಿ. ಎಲ್ಲಾರೂ ಹೊರಗ ಕಟ್ಟಿ ಮ್ಯಾಲ ನಡೀರಿ. ಯಾರೂ ಬೀಡಿ-ಗೀಡಿ ಹಚ್ಚಬ್ಯಾಡ್ರಿ."

ಹೆಣ್ಣು ನೋಡಲು ಬಂದವರು ಹೆಣ್ಣಿನ ಮಾತಿಗೆ ಸಾಲಾಗಿ ಎದ್ದು ಹೋದರು. ಗಂಡು ಮಾತ್ರ ಹಿಂದುಳಿದು ಕಿಟಕಿ-ಬಾಗಿಲು ತೆಗೆದ. ದಿವಾನದ ಕೆಳಗೆ ಕೈ ಹಾಕಲು ಬಾಗಿದ ನನ್ನನ್ನು, "ಮಾಮಾ, ಅಲ್ಲಿ ಬ್ಯಾಡ, ಕಿಡಿ ಬಂದೀತು," ಎಂದು ತಡೆದು, ಮಂಗಲಾ ಕಿಟಕಿಯ ಬಳಿಯ ಕೂಡುವಿಕೆಯನ್ನು ಬಿಡಿಸಿದಳು. ಕತ್ತಲಾಯಿತು.

ಕಟ್ಟೆಯ ಮೇಲೆ ಕುಳಿತದ್ದೇ ಗಂಡಿನ ತಾಯಿ ನನ್ನತ್ತ ತಿರುಗಿದರು. "ನೀವು ಪೇಪರದವರಂತಲ್ರಿ. ನಿಮಗ ಇದು ಗೊತ್ತಿತ್ತೇನು?"

"ಗೊತ್ತಿತ್ರಿ."

"ಮತ್ತ ಯಾಕ ಸುಮ್ಮ ಕುಂತಿದ್ರಿ?"

"ಪರಿಶೀಲನೆ ನಡದಿತ್ರಿ," ಎಂದೆ. ಅಧಿಕಾರಿಗಳು ಈ ಮಾತು ಹೇಳಿದಾಗ ಕೆಂಪು ಶಾಯಿಯಿಂದ ಹೊಡೆದು ಹಾಕುವುದು ನನ್ನ ವೃತ್ತಿ.

ಆಕೆ ಬಹಳ ಹೊತ್ತು ನಕ್ಕರು. ಆಮೇಲೆ ಮಾವನಿಗೆ ಹೇಳಿದರು: "ಹುಡುಗಿ ನಮಗ ಒಪ್ಪಿಗಿ ಐತ್ರಿ. ಮದುವಿ ಮಾತ್ರ ಹಗಲಿನ್ಯಾಗ ಮಾಡೂಣು. ದೀಪದ ಕೆಲಸ ನಿಮ್ಮ ಅಳ್ಯಾಗೋಳಿಗೆ ಹಚ್ಚಬ್ಯಾಡ್ರಿ."

ಮಂಗಲಾಳನ್ನು ಕೇಳಿದಾಗ, "ಕಿಟಕಿ ತೆಗೆದವರಿಗೆ ಮೊದಲ ಚಹಾ ಕೊಡ್ರಿ," ಎಂದಳಷ್ಟೆ. ಅದನ್ನೇ ಒಪ್ಪಿಗೆಯೆಂದು ದಾಖಲಿಸಿಕೊಂಡೆವು.

ಮದುವೆ ಹಗಲಿನಲ್ಲೇ ಆಯಿತು. ಚನ್ನಬಸಪ್ಪನವರಿಗೆ ಟ್ರ್ಯಾಕ್ಟರಿನಲ್ಲಿ ನೀರು ತರುವ ಕೆಲಸ ಕೊಟ್ಟರು. ನನಗೆ ಕೊಟ್ಟಿದ್ದು ಆಮಂತ್ರಣ ಪತ್ರಿಕೆಯ ಅಚ್ಚಿನ ತಪ್ಪು ತಿದ್ದುವುದು. ಅದರಲ್ಲಿ ಸಿಡಿಯುವಂಥದು ಏನೂ ಇಲ್ಲವೆಂದು ಮಾವ ಮೊದಲೇ ಮಂಗಲಾಳನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದರಂತೆ.