ಹಾರ್ಲನ್ ಟೂಸಾನ್‌ಗೆ ಹೋಗಲಿಲ್ಲ

ಹಾರ್ಲನ್ ಬ್ರೆಕ್ಕೆಯ ಪಜೀತಿಗೆಲ್ಲ ಮೂಲ ಒಂದು ಹೊಗಳಿಕೆ. ಮಿನೆಸೋಟಾದ ನಮ್ಮ ನಾರ್ಬಿ ಊರಿನಲ್ಲಿ ಅವನು ಹನ್ನೊಂದು ವರ್ಷದಿಂದ 'ಸನ್ನಿ ನಾಟ್' ಕಂಪನಿಯ ಫ್ರಾಂಚೈಸಿ ಪಡೆದು ಪ್ರೆಟ್ಜೆಲ್ ಎಂಬ ಗಂಟಿನಾಕಾರದ ಬ್ರೆಡ್ ತಿಂಡಿಯ ಅಂಗಡಿ ನಡೆಸುತ್ತಿದ್ದ. ಪ್ರೆಟ್ಜೆಲ್ ಕೇಳುವವರು ಅಷ್ಟಕ್ಕಷ್ಟೇ. ಆದರೆ ಗುರುವಾರ ಬಂತೆಂದರೆ ಅವನು ಕೌಂಟರಿನ ಕೆಳಗಿನಿಂದ ಕಾಗದದಲ್ಲಿ ಸುತ್ತಿ ಕೊಡುವ ಲೆಫ್ಸಕ್ಕೆ ಹಿಮದಲ್ಲೂ ಸಾಲು ನಿಲ್ಲುತ್ತಿತ್ತು. ಬೆಣ್ಣೆ ಸವರಿ ಸಕ್ಕರೆ ಉದುರಿಸಿದ ಆಲೂಗೆಡ್ಡೆಯ ತೆಳು ರೊಟ್ಟಿ ಅದು, ಅವನ ತೀರಿಹೋದ ಅಮ್ಮನ ಕೈರುಚಿ. ಕಂಪನಿ ಕಳಿಸಿದ್ದನ್ನು ಬಿಟ್ಟು ಬೇರೆ ಒಂದು ತುಣುಕನ್ನೂ ಮಾರಕೂಡದೆಂದು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಮಂಗಳವಾರ ಬೆಳಿಗ್ಗೆ ಕಂಪನಿಯ ವಕೀಲೆ ಕೆಸ್ಲರ್ ಅವರ ಪತ್ರ ಬಂತು. 'ನಿಮ್ಮ ಲೆಫ್ಸ ಬಹಳ ಚೆನ್ನಾಗಿದೆ, ಥ್ಯಾಂಕ್ಸ್ ಎಂದು ಹೆಸರು ಹೇಳದ ಹೆಂಗಸೊಬ್ಬರು ಮುಖ್ಯ ಕಚೇರಿಗೆ ಫೋನ್ ಮಾಡಿದ್ದರು. ಇದು ಸಾಬೀತಾದರೆ ಅಂಗಡಿಯ ಬೋರ್ಡು ಇಳಿಯುತ್ತದೆ. ಎರಡು ವರ್ಷ ನೀವು ಆ ಊರಿನಲ್ಲಿ ತಿಂಡಿ ಮಾರುವಂತಿಲ್ಲ. ಒಪ್ಪಂದದಂತೆ ಈ ವಿವಾದ ಕೋರ್ಟಿಗೆ ಹೋಗದೆ ಅರಿಜೋನಾದ ಟೂಸಾನ್‌ನಲ್ಲಿ ಮಧ್ಯಸ್ಥಗಾರರ ಮುಂದೆ ತೀರ್ಮಾನವಾಗುತ್ತದೆ. ಇಂದು ಸಂಜೆ ಐದರೊಳಗೆ ಉತ್ತರಿಸಿ.'

ಹೆಂಡತಿ ಮಾರ್ಲಿಸ್ ಓದಿ ಪತ್ರ ಮಡಿಸಿದಳು. "ಹೋಗೋಣ ಬಿಡ್ರೀ. ಇಲ್ಲಿ ಮೂಗು ಹೆಪ್ಪುಗಟ್ತಾ ಇದೆ, ಅಲ್ಲಿ ಬಿಸಿಲು. ನೀವು ಬಾಯಿ ಮುಚ್ಕೊಂಡು ಕೂತಿರಿ. ಸಾಬೀತು ಮಾಡ್ಬೇಕಾದೋರು ಅವರು ತಾನೇ?"

ಇದಕ್ಕಿಂತ ಒಳ್ಳೆಯ ಕಾನೂನು ಸಲಹೆ ಆ ದಿನ ಅವನಿಗೆ ಯಾರಿಂದಲೂ ಸಿಗಲಿಲ್ಲ. ಆದರೆ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದ ಹಾರ್ಡ್‌ವೇರ್ ಅಂಗಡಿಯ ಡ್ವೇನ್ ಆಗಲೇ ಕಿವಿ ನಿಮಿರಿಸಿದ್ದ.

"ಟೂಸಾನ್ ಅಂತೆ ಟೂಸಾನ್! ಲೋ ಹಾರ್ಲನ್, ನಮ್ಮ ರಾಜ್ಯದಲ್ಲಿ ಕಾನೂನಿದೆ ಕಣೋ. ಫ್ರಾಂಚೈಸಿ ತಗೊಂಡೋನನ್ನ ವ್ಯಾಜ್ಯಕ್ಕೆ ಅಂತ ರಾಜ್ಯದಾಚೆ ಎಳಿಯೋ ಹಾಗಿಲ್ಲ. ಅವರೇ ಇಲ್ಲಿಗೆ ಬರ್ಲಿ!"

"ಅಷ್ಟು ದೂರದಿಂದ ಬನ್ನಿ ಅಂದ್ರೆ ಅವರಿಗೆ ತೊಂದರೆ ಅಲ್ವಾ?" ಎಂದ ಹಾರ್ಲನ್. ನಮ್ಮೂರಿನವರು ಹಾಗೆಯೇ. ಕತ್ತು ಹಿಸುಕಲು ಬಂದವನಿಗೂ ಮೊದಲು ಕುರ್ಚಿ ಕೊಡುತ್ತೇವೆ.

"ತೊಂದರೆ ಆಗ್ಲಿ ಅಂತಾನೇ ಕಾನೂನು ಮಾಡಿರೋದು!" ಎಂದು ಡ್ವೇನ್ ತಾನೇ ನಂಬರ್ ಒತ್ತಿ ಫೋನನ್ನು ಅವನ ಕಿವಿಗೆ ಹಿಡಿದ.

ಕೆಸ್ಲರ್ ಜಗ್ಗಲಿಲ್ಲ. "ನಿಮ್ಮ ರಾಜ್ಯದ ಕಾನೂನು ನಂಗೂ ಗೊತ್ತು ಸಾರ್. ಆದ್ರೆ ಮಧ್ಯಸ್ಥಿಕೆ ವಿಷಯದಲ್ಲಿ ಕೇಂದ್ರದ ಕಾನೂನೇ ಮೇಲು. ಒಪ್ಪಂದದಲ್ಲಿ ಟೂಸಾನ್ ಅಂತಿದ್ರೆ ಟೂಸಾನೇ."

"ಹೌದಾ, ಸರಿ ಹಾಗಾದ್ರೆ, ಕ್ಷಮಿಸಿ..." ಎಂದು ಹಾರ್ಲನ್ ಹೇಳುವಷ್ಟರಲ್ಲಿ ಡ್ವೇನ್ ಫೋನ್ ಕಿತ್ತುಕೊಂಡು, "ಸರಿ ಅಲ್ಲ! ನೋಡ್ಕೋತೀವಿ!" ಎಂದು ಕೂಗಿ ಇಟ್ಟುಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ಕಾನೂನಿನ ಹೆಸರೇ ಕೇಳದವರೆಲ್ಲ ಬೀದಿಯಲ್ಲಿ ನಿಂತು ಕೇಂದ್ರ ಮೇಲೋ ರಾಜ್ಯ ಮೇಲೋ ಎಂದು ವಾದಿಸುತ್ತಿದ್ದರು. ಡ್ವೇನ್ ರಾಜಧಾನಿಯ ಯಾವುದೋ ಕಚೇರಿಗೆ ಫೋನ್ ಹಚ್ಚಿ, ಎರಡು ಗಂಟೆ ಅವರು ಕಾಯಿಸುವಾಗ ಹಾಕುವ ಹಾಡು ಕೇಳಿ, ಆ ಹಾಡನ್ನೇ ಗುನುಗುತ್ತ ವಾಪಸಾದ. ಆಗ ಬಂದವರು ಚರ್ಚಿನ ಮಹಿಳಾ ಸಂಘದ ಬರ್ನಿಸ್ ಓಪ್ಡಾಲ್. ಎಂಬತ್ತರ ಈ ಅಜ್ಜಿ ಹಲ್ಲು ಕಿತ್ತ ಡಾಕ್ಟರಿಗೂ ಫೋನ್ ಮಾಡಿ ಥ್ಯಾಂಕ್ಸ್ ಹೇಳುವವರು.

"ಹೆದರ್ಬೇಡ ಕಣಪ್ಪಾ. ಊರೇ ನಿನ್ನ ಹಿಂದಿದೆ. 'ವಿಚಾರಣೆ ನಮ್ಮೂರಲ್ಲೇ ಆಗ್ಲಿ' ಅಂತ ಎಲ್ಲರ ಸಹಿ ಮಾಡಿಸಿ ಕಳಿಸ್ತೀನಿ."

"ಅಜ್ಜಿ, ಬೇಡ..." ಎಂದಳು ಮಾರ್ಲಿಸ್. ಅಜ್ಜಿ ಆಗಲೇ ರಸ್ತೆ ದಾಟಿದ್ದರು.

ನಾಲ್ಕೂವರೆಗೆ ಅರವತ್ತಮೂರು ಸಹಿಗಳ ಮನವಿ ಚರ್ಚಿನ ಆಫೀಸಿನಿಂದ ಕೆಸ್ಲರ್‌ಗೆ ಫ್ಯಾಕ್ಸ್ ಆಯಿತು, ಅಜ್ಜಿ ಹಾಳೆ ಹಿಡಿದು ಅಂಗಡಿಗೆ ಮರಳಿದರು. ಐದಕ್ಕೆ ಐದು ನಿಮಿಷವಿದ್ದಾಗ ಫೋನ್ ಬಡಿದುಕೊಂಡಿತು. ಅಂಗಡಿಯಲ್ಲಿ ಸೇರಿದ್ದ ಎಲ್ಲರಿಗೂ ಕೇಳಲೆಂದು ಡ್ವೇನ್ ಸ್ಪೀಕರ್ ಒತ್ತಿದ.

"ಬ್ರೆಕ್ಕೆ ಸಾರ್, ನಿಮ್ಮ ರಾಜ್ಯದ ಕಾನೂನಿಗೆ ನಾವು ತಲೆಬಾಗ್ತೀವಿ," ಎಂದರು ಕೆಸ್ಲರ್. "ವಿಚಾರಣೆ ನಿಮ್ಮೂರಲ್ಲೇ ಆಗ್ಲಿ. ಅದನ್ನೇ ಬರೆದು ಸಹಿ ಹಾಕಿ ಕಳಿಸಿದೀನಿ, ನೀವೂ ಸಹಿ ಹಾಕಿ."

ಅಂಗಡಿ ಚಪ್ಪಾಳೆಯಿಂದ ಅದುರಿತು. ಜನ್ಮದಲ್ಲಿ ಯಾರ ಮೇಲೂ ಗೆಲ್ಲದ ಹಾರ್ಲನ್ ಸಹಿ ಹಾಕಿ ಕಳಿಸಿದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಅಮ್ಮ ಇರಬೇಕಿತ್ತು ಎಂದುಕೊಂಡ.

"ಬಂತು, ಥ್ಯಾಂಕ್ಸ್," ಎಂದರು ಕೆಸ್ಲರ್. "ಇನ್ನೊಂದು ಸಣ್ಣ ವಿಷಯ. ಮೂವತ್ತೊಂದನೇ ಸಾಲು ಸರಿಯಾಗಿ ಕಾಣ್ತಿಲ್ಲ. 'ಗುರುವಾರ ಆರು ಲೆಫ್ಸ' ಅಂತಿದೆಯೋ, ಎಂಟೋ?"

"ಎಂಟು ಕಣಮ್ಮಾ," ಎಂದರು ಬರ್ನಿಸ್. "ಮೊಮ್ಮಕ್ಕಳು ಬಂದಾಗ ಹತ್ತು."

ಮಾರ್ಲಿಸ್ ಅಜ್ಜಿಯ ಕೈಲಿದ್ದ ಮನವಿಯ ಹಾಳೆ ಕಸಿದು ನೋಡಿದಳು. ಅಜ್ಜಿಗೆ ಗೊತ್ತಿದ್ದದ್ದು ಒಂದೇ ಬಗೆಯ ಹಾಳೆ. ಚರ್ಚಿನ ಊಟಕ್ಕೆ ಯಾರು ಏನು ತರುತ್ತಾರೆಂದು ಬರೆಸುವ ಹಾಳೆ. ಹೆಸರು, ಫೋನ್ ನಂಬರ್, ತಿನಿಸು. ನಮ್ಮೂರಿನವರು ಕಾಲಂ ಖಾಲಿ ಬಿಡುವ ಜನರೇ? ತಾವು ಹಾರ್ಲನ್ ಅಂಗಡಿಯಲ್ಲಿ ತಿನ್ನುವುದೇನು, ಎಷ್ಟು, ಎಂದಿನಿಂದ ಎಂದು ಅರವತ್ತಮೂರು ಜನವೂ ಮುತ್ತಿನಂಥ ಅಕ್ಷರದಲ್ಲಿ ತುಂಬಿದ್ದರು. ಡ್ವೇನ್ ಅಂತೂ 'ಒಂಬತ್ತು ವರ್ಷದಿಂದ' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದ.

"ನಿಜ ಹೇಳ್ಬೇಕಂದ್ರೆ ಸಾರ್," ಕೆಸ್ಲರ್ ದನಿಯಲ್ಲಿ ಸಂತೋಷ ತುಳುಕುತ್ತಿತ್ತು, "ನಮ್ಮ ಹತ್ರ ಇದ್ದಿದ್ದು ಹೆಸರಿಲ್ಲದ ಒಂದು ಫೋನ್ ಕರೆ. ಟೂಸಾನ್‌ನಲ್ಲಿ ಕೂತು ನಿಮ್ಮೂರ ಒಬ್ಬ ಸಾಕ್ಷಿನೂ ಅಷ್ಟು ದೂರ ಬಲವಂತವಾಗಿ ಕರೆಸೋಕೆ ಆಗ್ತಿರ್ಲಿಲ್ಲ. ಕೇಸ್ ಕೈಬಿಡೋಣ ಅಂತಿದ್ವಿ. ಈಗ ಎಲ್ಲರೂ ನಡ್ಕೊಂಡೇ ಬರ್ಬಹುದು. ನಿಮ್ಮ ರಾಜ್ಯದ ಕಾನೂನಿಗೆ ಥ್ಯಾಂಕ್ಸ್ ಹೇಳಿ."

ಫೋನ್ ಇಟ್ಟ ಸದ್ದಾಯಿತು. ಡ್ವೇನ್‌ಗೆ ತಟ್ಟನೆ ತನ್ನ ಅಂಗಡಿಯ ಕೆಲಸ ನೆನಪಾಗಿ ಬಾಗಿಲು ತೆರೆದು ಹೊರಟ. ಒಳನುಗ್ಗಿದ ಚಳಿಗೆ ಮಾರ್ಲಿಸ್ ತನ್ನ ಶಾಲನ್ನು ಗಂಡನ ಕೊರಳಿಗೆ ಸುತ್ತಿದಳು.

ಬರ್ನಿಸ್ ಮಾತ್ರ ಚೀಲದಿಂದ ಹೊಸ ಹಾಳೆ ತೆಗೆದು ಗೆರೆ ಎಳೆಯತೊಡಗಿದ್ದರು.

"ಅರವತ್ತಮೂರು ಸಾಕ್ಷಿ ಅಂದ್ರೆ ಚರ್ಚಿನ ಹಾಲೇ ಬೇಕು. ದೂರದಿಂದ ಬರೋ ಆ ಹುಡುಗಿಗೂ ಊಟ ಹಾಕ್ಬೇಕಲ್ಲ. ಹಾರ್ಲನ್, ನಿನ್ನ ಹೆಸರಿನ ಮುಂದೆ ಲೆಫ್ಸ ಅಂತಾನೇ ಬರ್ಕೊಳ್ಲಾ?"